ಒರಿಜೆನ್‌ಗೆ ಪುನರ್ಜನ್ಮ ಅಂಟಿಸೋ ಮುಂಚೆ

ನಮಸ್ಕಾರ. ವಾಟ್ಸಾಪ್‌ನಲ್ಲಿ ಒಂದು ಮೆಸೇಜು ಸುತ್ತುತ್ತಾನೇ ಇರುತ್ತೆ. ಬೈಬಲ್‌ನಲ್ಲೂ ಪುನರ್ಜನ್ಮದ ಮಾತಿತ್ತು, ಒರಿಜೆನ್ ಅನ್ನೋ ಹಳೇ ಕಾಲದ ಕ್ರೈಸ್ತ ಮಹಾಪಂಡಿತ ಅದನ್ನೇ ಬೋಧಿಸ್ತಿದ್ದ, 553ರಲ್ಲಿ ಚರ್ಚಿನವರು ಸಭೆ ಸೇರಿ ಅದನ್ನ ಕಿತ್ತುಹಾಕಿದ್ರು ಅಂತ. ಓದಿದವರಿಗೆ ಒಳಗೊಳಗೇ ಖುಷಿ. ನೋಡಿದ್ರಾ, ಅವರೂ ನಮ್ಮ ದಾರೀಲೇ ಇದ್ರು!

ನನಗೆ ಈ ಮೆಸೇಜಿನ ಮೇಲೆ ಸಿಟ್ಟಿದೆ. ಸುಳ್ಳು ಅನ್ನೋದು ಒಂದು ಕಾರಣ. ಒರಿಜೆನ್‌ನಂಥ ಮನುಷ್ಯನನ್ನ ಇಷ್ಟು ಸಣ್ಣವನನ್ನಾಗಿ ಮಾಡಿಬಿಡ್ತಲ್ಲ ಅನ್ನೋದು ಇನ್ನೂ ದೊಡ್ಡ ಕಾರಣ.

ಮೊದಲು ಆ ಪುನರ್ಜನ್ಮದ ಲೆಕ್ಕ ಚುಕ್ತಾ ಮಾಡೋಣ. ಮತ್ತಾಯನ ಸುವಾರ್ತೆಗೆ ಒರಿಜೆನ್ ಬರೆದ ವ್ಯಾಖ್ಯಾನ ಇದೆ. ಅದರ 13ನೇ ಪುಸ್ತಕದ ಶುರುವಿನಲ್ಲೇ, ಯೇಸುವಿನ ಕಾಲದ ಸ್ನಾನಿಕ ಯೋಹಾನನೇ ಹಳೇ ಕಾಲದ ಪ್ರವಾದಿ ಎಲೀಯನಾ ಅನ್ನೋ ಪ್ರಶ್ನೆ ಎತ್ಕೊಳ್ತಾನೆ. ಆತ್ಮ ಒಂದು ದೇಹದಿಂದ ಇನ್ನೊಂದಕ್ಕೆ ಹೋಗುತ್ತೆ ಅನ್ನೋ ಮಾತು ದೇವರ ಸಭೆಗೆ, ಅಂದ್ರೆ ಚರ್ಚಿಗೆ, ಹೊರಗಿನದು, ಅಪೊಸ್ತಲರು (ಯೇಸು ಕಳಿಸಿದ ಮೊದಲ ಬೋಧಕರು) ಅದನ್ನ ಕಲಿಸಿಲ್ಲ, ಶಾಸ್ತ್ರದಲ್ಲಿ ಎಲ್ಲೂ ಇಲ್ಲ ಅಂತ ನೇರವಾಗಿ ಬರೀತಾನೆ. ಇನ್ನು ಬೈಬಲ್‌ನಿಂದ ಕಿತ್ತುಹಾಕಿದ್ರು ಅನ್ನೋದು. 553ಕ್ಕಿಂತ ಇನ್ನೂರು ವರ್ಷ ಹಳೆಯ ಬೈಬಲ್ ಹಸ್ತಪ್ರತಿಗಳು ಇವತ್ತಿಗೂ ಉಳಿದಿವೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಸಿನೈಟಿಕಸ್ ಪ್ರತಿಯ ದೊಡ್ಡ ಭಾಗ ಇದೆ. ಅದರಲ್ಲೂ ಪುನರ್ಜನ್ಮದ ಅಧ್ಯಾಯ ಇಲ್ಲ. ತಮಾಷೆ ಕೇಳಿ: ಆ ಪ್ರತಿಯ ಎರಡು ಪುಸ್ತಕಗಳ ಕೊನೆಗೆ ಒಬ್ಬ ತಿದ್ದುಗಾರ ಟಿಪ್ಪಣಿ ಹಾಕಿದ್ದಾನೆ. ಇದನ್ನ ಪ್ಯಾಂಫಿಲಸ್ ಅನ್ನೋ ಕ್ರೈಸ್ತ ವಿದ್ವಾಂಸನ ಪ್ರತಿಯ ಜೊತೆ ಹೋಲಿಸಿ ನೋಡಿದೆ, ಆ ಪ್ರತಿಯನ್ನ ಒರಿಜೆನ್‌ನ ಹೆಕ್ಸಾಪ್ಲಾ ಅನ್ನೋ ಗ್ರಂಥ ಇಟ್ಟುಕೊಂಡು ತಿದ್ದಲಾಗಿತ್ತು ಅಂತ. ಯಾರ ಮಾತನ್ನ ಅಳಿಸಿದ್ರು ಅಂತ ಮೆಸೇಜು ಅಳುತ್ತೋ, ಅವನ ಕೆಲಸದಿಂದಲೇ ಬೈಬಲ್ ಪಾಠ ತಿದ್ದಿಸ್ಕೊಂಡಿದೆ.

ಆ ಹೆಕ್ಸಾಪ್ಲಾ ಎಂಥದ್ದು ಗೊತ್ತಾ? ಹಳೆ ಒಡಂಬಡಿಕೆ, ಅಂದ್ರೆ ಬೈಬಲ್‌ನ ಮೊದಲ ಭಾಗ, ಪೂರ್ತಿ ಆರು ಕಾಲಂನಲ್ಲಿ. ಒಂದರಲ್ಲಿ ಹೀಬ್ರೂ ಮೂಲ, ಪಕ್ಕದಲ್ಲಿ ಅದೇ ಹೀಬ್ರೂ ಗ್ರೀಕ್ ಅಕ್ಷರದಲ್ಲಿ, ಆಮೇಲೆ ನಾಲ್ಕು ಗ್ರೀಕ್ ಅನುವಾದಗಳು. ಪದಕ್ಕೆ ಪದ ಎದುರುಬದುರು. ಯೆಹೂದಿಗಳ ಜೊತೆ ವಾದಕ್ಕೆ ಕೂತಾಗ ಅವರ ಪಾಠದಲ್ಲಿ ಇಲ್ಲದ್ದನ್ನ ನಾವು ಉಲ್ಲೇಖಿಸಬಾರದು ಅನ್ನೋ ನಿಯತ್ತು ಒರಿಜೆನ್‌ಗಿತ್ತು.

ಒರಿಜೆನ್ ಹುಟ್ಟಿದ್ದು ಸುಮಾರು 185ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. 202ರ ಹೊತ್ತಿಗೆ ಅಪ್ಪ ಲಿಯೊನಿಡಸ್ ಜೈಲಿಗೆ ಬಿದ್ದ, ಕ್ರೈಸ್ತ ಅನ್ನೋ ಕಾರಣಕ್ಕೆ. ಹುಡುಗನಿಗೆ ಇನ್ನೂ ಹದಿನೇಳು ತುಂಬಿರಲಿಲ್ಲ, ತಾನೂ ಹೋಗಿ ಸಾಯ್ತೀನಿ ಅಂತ ಹೊರಟ. ತಾಯಿ ಬೇಡಿಕೊಂಡ್ರೂ ಕೇಳಲಿಲ್ಲ. ಆಕೆ ಏನು ಮಾಡಿದಳು? ಅವನ ಬಟ್ಟೆಯನ್ನೆಲ್ಲ ಬಚ್ಚಿಟ್ಟಳು! ಹೊರಗೆ ಹೋಗೋದು ಹೇಗೆ? ಮನೇಲಿ ಕೂತು ಅಪ್ಪನಿಗೆ ಪತ್ರ ಬರೆದ: ನಮಗೋಸ್ಕರ ನಿಮ್ಮ ಮನಸ್ಸು ಬದಲಾಯಿಸಬೇಡಿ. ಅಪ್ಪನ ತಲೆ ಹೋಯ್ತು, ಆಸ್ತಿ ಸರ್ಕಾರಕ್ಕೆ ಹೋಯ್ತು, ಕೆಳಗೆ ಆರು ಜನ ತಮ್ಮಂದಿರು. ಪಾಠ ಹೇಳಿ ಹೊಟ್ಟೆ ಹೊರೆದ. ಆಮೇಲೆ ತನ್ನ ಹತ್ತಿರ ಇದ್ದ ಸಾಹಿತ್ಯದ ಪುಸ್ತಕಗಳನ್ನ ಮಾರಿ, ಕೊಂಡವನು ದಿನಕ್ಕೆ ಕೊಡ್ತಿದ್ದ ನಾಲ್ಕು ಓಬಲ್ ಕಾಸಿನಲ್ಲಿ ಬದುಕಿದ. ಯುಸೀಬಿಯಸ್ ಅನ್ನೋ ಬಿಷಪ್ ತನ್ನ ಚರ್ಚಿನ ಚರಿತ್ರೆಯಲ್ಲಿ ಇದನ್ನೆಲ್ಲ ಬರೆದಿದ್ದಾನೆ. ಅವನು ಒರಿಜೆನ್‌ನ ಪಕ್ಕಾ ಅಭಿಮಾನಿ, ಸ್ವಲ್ಪ ಬಣ್ಣ ಬಳಿದಿರ್ತಾನೆ ಅಂತ ಇಟ್ಕೊಂಡೇ ಓದಬೇಕು.

ಹಾಗಾದ್ರೆ 553ರ ಗಲಾಟೆ ಏನು? ಒರಿಜೆನ್ ಹೇಳಿದ್ದು ಇದು: ಆದಿಯಲ್ಲಿ ದೇವರು ಸೃಷ್ಟಿಸಿದ ಚೇತನಗಳೆಲ್ಲ ಸಮಾನ. ಸ್ವತಂತ್ರ ಇಚ್ಛೆ ಇತ್ತು, ದೇವರಿಂದ ಹಿಂದೆ ಸರಿದವು. ಎಷ್ಟು ದೂರ ಸರಿದವೋ ಅದಕ್ಕೆ ತಕ್ಕ ಹಾಗೆ ಕೆಲವು ದೂತರು, ಕೆಲವು ಮನುಷ್ಯರು, ಕೆಲವು ದೆವ್ವಗಳು. ಒಬ್ಬ ಹುಟ್ಟುಕುರುಡ, ಒಬ್ಬ ಶ್ರೀಮಂತನ ಮಗ, ಇದರಲ್ಲಿ ದೇವರ ನ್ಯಾಯ ಎಲ್ಲಿ? ಕರ್ಮ ಸಿದ್ಧಾಂತ ಎದುರಿಸೋ ಪ್ರಶ್ನೆಯೇ ಇದು, ಒಪ್ತೀನಿ. ಉತ್ತರ ಮಾತ್ರ ಬೇರೆ: ಹಿಂದಿನ ಜನ್ಮಗಳ ಫಲ ಅಲ್ಲ, ಆದಿಯಲ್ಲಿ ಆ ಚೇತನಗಳೇ ಮಾಡಿಕೊಂಡ ಆಯ್ಕೆ. ಅವನ ಎದುರಿಗಿದ್ದವರು ಮಾರ್ಸಿಯನ್, ವ್ಯಾಲೆಂಟಿನಸ್ ಅನ್ನೋ ಬೋಧಕರ ಪಂಥದವರು, ಚರ್ಚು ಒಪ್ಪದ ಕ್ರೈಸ್ತರು. ಕೆಲವರು ಹುಟ್ಟಾ ಕೆಟ್ಟವರು, ಅವರಿಗೆ ದಾರಿಯೇ ಇಲ್ಲ ಅನ್ನೋ ವಾದವನ್ನ ಮುರಿಯೋಕೆ ಹೊರಟಿದ್ದ.

ಇದರ ಮುಂದಿನ ಹೆಜ್ಜೆಯೇ ನನಗೆ ರೋಮಾಂಚನ ತರೋದು. ದೇವರ ಶಿಕ್ಷೆ ಸೇಡಲ್ಲ, ವೈದ್ಯ ಕೊಡೋ ಕಹಿ ಔಷಧಿ ಅಂತಾನೆ. ಔಷಧಿಗೆ ಒಂದು ಗುರಿ ಇರುತ್ತೆ, ಗುಣ ಆದ್ಮೇಲೆ ನಿಲ್ಲುತ್ತೆ. ಕೊನೆಗೆ ದೇವರೇ ಎಲ್ಲರಲ್ಲೂ ಎಲ್ಲವೂ ಆಗ್ತಾನೆ ಅನ್ನೋ ಅಪೊಸ್ತಲ ಪೌಲನ ಮಾತನ್ನ ಪೂರ್ತಿ ನಂಬಿದ. ಹಾಗಾದ್ರೆ ಸೈತಾನನೂ ಉದ್ಧಾರ ಆಗ್ತಾನಾ ಅಂತ ವಿರೋಧಿಗಳು ಹಿಡ್ಕೊಂಡ್ರು. ತಾನು ಹಾಗೆ ಹೇಳೇ ಇಲ್ಲ ಅಂತ ಒಂದು ಪತ್ರದಲ್ಲಿ ಗೋಗರೆದಿದ್ದಾನೆ, ಪಾಪ. ಈ ವಿಚಾರಗಳ ಮುಖ್ಯ ಗ್ರಂಥದ ಗ್ರೀಕ್ ಮೂಲ ಬಹುಪಾಲು ಕಳೆದುಹೋಗಿದೆ. ನಮಗೆ ಪೂರ್ತಿಯಾಗಿ ಸಿಗೋದು 398ರ ಸುಮಾರಿಗೆ ರುಫಿನಸ್ ಮಾಡಿದ ಲ್ಯಾಟಿನ್ ಅನುವಾದ. ಕಷ್ಟದ ಕಡೆ ನಯ ಮಾಡಿದ್ದೀನಿ ಅಂತ ಅವನೇ ಒಪ್ಕೊಂಡಿದ್ದಾನೆ!

ಒರಿಜೆನ್ ಸತ್ತಿದ್ದು ಸುಮಾರು 253ರಲ್ಲಿ. ಅದಕ್ಕೆ ಮುಂಚೆ, ಕ್ರೈಸ್ತರನ್ನ ಹಿಂಸಿಸಿದ ಡೀಸಿಯಸ್ ಚಕ್ರವರ್ತಿಯ ಕಾಲದಲ್ಲಿ, ಅರವತ್ತು ದಾಟಿದ ಮುದುಕನ ಕುತ್ತಿಗೆಗೆ ಕಬ್ಬಿಣ ಬಿಗಿದು, ಕಾಲನ್ನ ಕೈದಿಗಳ ಕಾಲು ಸಿಕ್ಕಿಸೋ ಕೊರಡಿನಲ್ಲಿ ನಾಲ್ಕು ತೂತಿನಷ್ಟು ಅಗಲ ಎಳೆದು ದಿನಗಟ್ಟಲೆ ಇಟ್ಟಿದ್ರು. ಬಗ್ಗಲಿಲ್ಲ. ಹೊರಗೆ ಬಂದ, ಹೆಚ್ಚು ಕಾಲ ಉಳಿಯಲಿಲ್ಲ. ಆ ಮನುಷ್ಯನನ್ನ ಮುನ್ನೂರು ವರ್ಷ ಬಿಟ್ಟು, ಅದೇ 553ರಲ್ಲಿ, ಜಸ್ಟಿನಿಯನ್ ಚಕ್ರವರ್ತಿಯ ಕಾಲದ ಕಾನ್‌ಸ್ಟಾಂಟಿನೋಪಲ್ ಸಭೆ ಪಾಷಂಡಿಗಳ ಪಟ್ಟಿಗೆ ಸೇರಿಸ್ತು. ಉತ್ತರ ಕೊಡೋಕೆ ಅವನೇ ಇಲ್ಲ. ಇದು ನನ್ನ ದೃಷ್ಟಿಯಲ್ಲಿ ನ್ಯಾಯವೇ ಅಲ್ಲ.

ಅವನು ತನ್ನ ವಿರೋಧಿಯನ್ನ ಹಾಗೆ ನಡೆಸಿಕೊಳ್ಳಲಿಲ್ಲ. ಸೆಲ್ಸಸ್ ಅನ್ನೋ ತತ್ವಜ್ಞಾನಿ ಕ್ರೈಸ್ತರನ್ನ ಹಿಗ್ಗಾಮುಗ್ಗಾ ಬೈದು ಒಂದು ಪುಸ್ತಕ ಬರೆದಿದ್ದ. ಸುಮಾರು 248ರಲ್ಲಿ ಒರಿಜೆನ್ ಎಂಟು ಪುಸ್ತಕಗಳಲ್ಲಿ ಉತ್ತರ ಕೊಟ್ಟ. ಎದುರಾಳಿಯ ಮಾತನ್ನ ಸಾಲುಸಾಲಾಗಿ ಎತ್ತಿ ಬರೆದು, ಆಮೇಲೆ ತನ್ನ ಮಾತು. ಸೆಲ್ಸಸ್‌ನ ಪುಸ್ತಕ ಇವತ್ತು ಎಲ್ಲೂ ಇಲ್ಲ. ಅವನು ಏನಂದಿದ್ದ ಅಂತ ನಮಗೆ ಗೊತ್ತಾಗೋದು ಒರಿಜೆನ್‌ನ ಈ ಉತ್ತರದಿಂದಲೇ. ಓದೋದಾದ್ರೆ ಅಲ್ಲಿಂದ ಶುರು ಮಾಡಿ. ಕೆಲವು ಕಡೆ ಸೆಲ್ಸಸ್‌ನ ಪ್ರಶ್ನೆಯೇ ಜೋರಾಗಿದೆ ಅನ್ಸುತ್ತೆ, ನನಗಂತೂ ಅನ್ನಿಸ್ತು.