ದೀಪ ಸಣ್ಣದಾದರೆ ಹೊರಗೆ ಬನ್ನಿ

ಎಲ್ಲರಿಗೂ ನಮಸ್ಕಾರ. ಮೈಕ್ ಸ್ವಲ್ಪ ಕಿರುಚುತ್ತಿದೆ, ಅಡ್ಡಿಯಿಲ್ಲ, ನಾನೇ ದೂರ ನಿಲ್ಲುತ್ತೇನೆ.

ವಾಚನಾಲಯದವರು ಕೊಟ್ಟ ವಿಷಯ ‘ನಮ್ಮ ಗುರಿ, ನಮ್ಮ ಮೇಲೆ ನಮಗೆ ಪ್ರೀತಿ’. ಕೇಳಿದ ಕೂಡಲೇ ನಗು ಬಂತು. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಯಾರಾದರೂ ‘ನನಗೆ ನನ್ನ ಮೇಲೆ ಪ್ರೀತಿ’ ಅಂದರೆ, ‘ಇವಳಿಗೆ ಎಂತಾಯಿತು ಮಾರಾಯ್ರೆ’ ಅಂತ ಕೇಳುವುದೇ. ಕನ್ನಡಿ ನೋಡಿ ‘ನೀನು ಚೆಂದ’ ಅಂತ ಹೇಳಿಕೊಳ್ಳಿ ಅನ್ನುವ ವಿಡಿಯೋ ನನ್ನ ಫೋನಿಗೂ ಬರುತ್ತದೆ. ಬೆಳಿಗ್ಗೆ ದನ ಕರೆದು, ದೋಸೆ ಹೊಯ್ದು, ಕನ್ನಡಿ ನೋಡಲಿಕ್ಕೆ ಪುರುಸೊತ್ತು ಎಲ್ಲಿದೆ?

ಹಾಗಾಗಿ ಸ್ಕೂಟರಿನ ಕತೆ ಹೇಳುತ್ತೇನೆ.

ಮಗ ಓದಲಿಕ್ಕೆ ಮಂಗಳೂರಿಗೆ ಹೋದ. ಸ್ಕೂಟರ್ ಅಂಗಳದ ಬದಿಯಲ್ಲಿ ಸುಮ್ನೆ ನಿಂತಿತ್ತು. ನನಗೆ ಆಗ 44 ವರ್ಷ. ಕಲಿಯಬೇಕು ಅಂತ ಆಸೆ. ಆದರೆ ಮಳೆ ಬಿಡಲಿ, ಅಡಿಕೆ ಕೊಯ್ಲು ಮುಗಿಯಲಿ, ಷಷ್ಠಿ ಕಳೆಯಲಿ, ನಾದಿನಿಯ ಮಗಳ ಮದುವೆ ಆಗಲಿ. ಇಷ್ಟಾಗುವಾಗ ಇನ್ನೊಂದು ಮಳೆ ಬಂತು. ಒಂದು ದಿನ ಬಸ್ಸು ತಪ್ಪಿ, ಮಾತ್ರೆಯ ಚೀಟಿ ಹಿಡಿದುಕೊಂಡು ಒಂದು ಗಂಟೆ ಬಿಸಿಲಲ್ಲಿ ನಿಂತೆ. ಅಲ್ಲೇ ತೀರ್ಮಾನ ಮಾಡಿದೆ: ಸೋಮವಾರ ಸೊಸೈಟಿಗೆ ಹಾಲು ಅಳೆದು ಕ್ಯಾನ್ ಕೈಗೆ ಬಂದ ಕೂಡಲೇ, ಆ ಮೆಟ್ಟಿಲ ಮೇಲೆ ನಿಂತೇ ಡ್ರೈವಿಂಗ್ ಕಲಿಸುವವರಿಗೆ ಫೋನ್. ಮಾಡಿದೆ ಕೂಡಾ.

ಪೀಟರ್ ಗೋಲ್‌ವಿಟ್ಸರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು 1999ರಲ್ಲಿ ಇದನ್ನೇ ಬರೆದಿದ್ದಾರಂತೆ ಅಂತ ನನಗೆ ಆಮೇಲೆ ಗೊತ್ತಾಯಿತು. ‘ಮಾಡುತ್ತೇನೆ’ ಅಂತ ಬರೀ ಅಂದುಕೊಂಡರೆ ಸಾಲದು. ‘ಇದು ಆದ ಕೂಡಲೇ ಅದು’ ಅಂತ ಹೊತ್ತು, ಜಾಗ ಗೊತ್ತು ಮಾಡಿಕೊಂಡವರ ಕೆಲಸ ಜಾಸ್ತಿ ನಡೆಯುತ್ತದೆ. ನಮ್ಮ ಅಜ್ಜಿಯರು ‘ಕಟ್ಟಿ ಹಾಕಿದ ಕೂಡಲೇ ಹುಲ್ಲು ಹಾಕು’ ಅನ್ನುತ್ತಿದ್ದರಲ್ಲ, ಹಾಗೆ.

ಸರಿ, ಟೆಸ್ಟ್ ಬಂತು. ಕೇರಳದಲ್ಲಿ ಕಾರಿಗೆ ‘ಎಚ್’, ಸ್ಕೂಟರಿಗೆ ‘ಎಂಟು’. ಕಂಬಿಗಳ ನಡುವೆ ಎಂಟರ ಆಕಾರದಲ್ಲಿ ತಿರುಗಬೇಕು, ಕಾಲು ಊರಬಾರದು. ಮೊದಲ ಸುತ್ತು ಚೆಂದಕ್ಕೆ ಹೋಯಿತು. ಎರಡನೆಯದರಲ್ಲಿ ಯಾರೋ ಕೆಮ್ಮಿದರು, ನಾನು ಅತ್ತ ನೋಡಿದೆ, ಎಡಗಾಲು ನೆಲಕ್ಕೆ. ಫೇಲ್. ನನ್ನ ನಂತರ ಬಂದ ಹದಿನೆಂಟರ ಹುಡುಗಿ ಗಾಳಿಯ ಹಾಗೆ ಮುಗಿಸಿದಳು.

ಮನೆಗೆ ಬಂದು ನನಗೆ ನಾನೇ ಬೈದುಕೊಂಡೆ. ಈ ಪ್ರಾಯದಲ್ಲಿ ಬೇಕಿತ್ತಾ, ಮಂಡೆ ಸಮ ಇಲ್ಲ, ದುಡ್ಡು ದಂಡ. ಬೈದುಕೊಂಡರೆ ಬುದ್ಧಿ ಬರುತ್ತದೆ ಅಂತ ನಾವೆಲ್ಲ ನಂಬಿದ್ದೇವೆ ಅಲ್ವಾ? ನಾನು ಮೂರು ವಾರ ಸ್ಕೂಟರ್ ಮುಟ್ಟಲಿಲ್ಲ. ಕೋಳಿ ಅದರ ಸೀಟಿನ ಮೇಲೆ ಕೂರಲಿಕ್ಕೆ ಶುರು ಮಾಡಿತು.

ಅಮೆರಿಕದ ಬರ್ಕ್ಲಿಯಲ್ಲಿ ಜೂಲಿಯಾನಾ ಬ್ರೈನ್ಸ್, ಸೆರೀನಾ ಚೆನ್ ಎಂಬ ಇಬ್ಬರು ಇದನ್ನು ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದ್ದಾರೆ. ವಿದ್ಯಾರ್ಥಿಗಳಿಗೆ ಕಷ್ಟದ ಶಬ್ದಗಳ ಪರೀಕ್ಷೆ ಕೊಟ್ಟರು. ಕೆಲವರಿಗೆ ‘ಕಷ್ಟ ಆದದ್ದು ನಿನಗೊಬ್ಬನಿಗಲ್ಲ, ನಿನ್ನನ್ನು ಹಳಿದುಕೊಳ್ಳಬೇಡ’ ಎಂಬ ಮಾತು. ಇನ್ನು ಕೆಲವರಿಗೆ ‘ನೀನು ಜಾಣ’ ಎಂಬ ಹೊಗಳಿಕೆ. ಉಳಿದವರಿಗೆ ಏನೂ ಇಲ್ಲ. ಮುಂದಿನ ಪರೀಕ್ಷೆಗೆ ಜಾಸ್ತಿ ಹೊತ್ತು ಓದಿದವರು ಮೊದಲಿನವರು. ಹೊಗಳಿಸಿಕೊಂಡವರಲ್ಲ, ನೋಡಿ.

ನನಗೆ ಇದು ಅರ್ಥವಾದದ್ದು ಮಾತ್ರ ಅಜ್ಜನ ಮನೆಯ ಹಿಂದಿನ ನೀರಿನ ಸುರಂಗದಿಂದ. ಇಲ್ಲಿ ಅರ್ಧ ಜನರ ಮನೆಯಲ್ಲಿ ಸುರಂಗ ಇರಬಹುದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಕ್ಕೆ ಕೊರೆಯುವುದು, ಒಬ್ಬ ಬಾಗಿ ಹೋಗುವಷ್ಟು ಅಗಲ. ನೀರು ತಾನಾಗಿ ಹರಿದು ಬರಬೇಕು, ಪಂಪು ಬೇಡ. ಅಜ್ಜ ಒಳಗೆ ಹೋಗುವಾಗ ತೆಂಗಿನ ಗೆರಟೆಯಲ್ಲಿ ದೀಪ ಇಟ್ಟುಕೊಳ್ಳುತ್ತಿದ್ದರು. ಬೆಳಕಿಗೆ ಮಾತ್ರ ಅಲ್ಲ. ಒಳಗೆ ಉಸಿರಾಡುವ ಗಾಳಿ ಕಡಿಮೆಯಾದರೆ ಜ್ವಾಲೆ ಸಣ್ಣದಾಗುತ್ತದೆ. ಆಗ ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು. ಹೊರಗೆ ಬಂದು ಬೆಲ್ಲ ಕಚ್ಚಿ, ನೀರು ಕುಡಿದು, ಎಲೆ ಹಾಕಿ, ಸ್ವಲ್ಪ ಹೊತ್ತು ಕೂತು ಮತ್ತೆ ಒಳಗೆ. ‘ನಾನೊಬ್ಬ ದಂಡಪಿಂಡ’ ಅಂತ ಅಜ್ಜ ಆ ಹೊತ್ತಲ್ಲಿ ಅತ್ತದ್ದು ನಾನು ನೋಡಿಲ್ಲ.

ಇನ್ನೊಂದು ಇದೆ. ಕೊರೆಯುತ್ತಾ ಹೋದ ಹಾಗೆ ಮಣ್ಣಿನಲ್ಲಿ ತಂಪು ಕಾಣದಿದ್ದರೆ, ಆ ಸುರಂಗವನ್ನೇ ಬಿಟ್ಟು ಬೇರೆ ಕಡೆ ಕೊರೆಯಬೇಕು. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಕರ್ನಾಟಕದ ಗಡಿ ದಾಟಿದರೆ ಅಡ್ಯನಡ್ಕ. ಅಲ್ಲಿಯ ಅಮೈ ಮಹಾಲಿಂಗ ನಾಯ್ಕರು ಹಗಲು ತೋಟದಲ್ಲಿ ಕೂಲಿ ಮಾಡಿ, ಸಂಜೆಯ ಮೇಲೆ ಒಬ್ಬರೇ ಸುರಂಗ ಕೊರೆದವರು. ಒಂದರ ನಂತರ ಒಂದು ಸುರಂಗ ಒಣಗಿಯೇ ಉಳಿಯಿತು. ಕೊನೆಗೆ ನೀರು ಸಿಕ್ಕಿತು, ಬೋಳುಗುಡ್ಡ ತೋಟವಾಯಿತು. 2022ರಲ್ಲಿ ಪದ್ಮಶ್ರೀ ಬಂತು. ನೀರು ಬೇಕು ಎಂಬುದನ್ನು ಅವರು ಬಿಡಲಿಲ್ಲ. ಒಣ ಸುರಂಗವನ್ನು ಬಿಟ್ಟರು.

ನಾವು ಈ ಎರಡನ್ನೂ ಕಲಸಿಬಿಡುತ್ತೇವೆ. ದೀಪ ಸಣ್ಣದಾಯಿತು ಅಷ್ಟೇ, ಅಷ್ಟಕ್ಕೇ ಸುರಂಗ ಒಣ ಅಂತ ಬಿಟ್ಟು ಬರುತ್ತೇವೆ. ಅಥವಾ ಮಣ್ಣು ಒಣ ಅಂತ ಕಣ್ಣಿಗೇ ಕಾಣುತ್ತಿದ್ದರೂ, ಜನ ನಗುತ್ತಾರೆ ಅಂತ ಕೊರೆಯುತ್ತಲೇ ಇರುತ್ತೇವೆ. ಇಲ್ಲಿ ಹಿಂದಿನ ಬೆಂಚಿನಲ್ಲಿ ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುವವರು ಕೂತಿದ್ದೀರಿ. ನಿಮ್ಮದು ಯಾವುದು ಅಂತ ನಾನು ಹೇಳಲಾರೆ. ಮನೆಯವರು ‘ಇನ್ನೊಂದೇ ವರ್ಷ’ ಅನ್ನುವಾಗ ಮಣ್ಣು ಮುಟ್ಟಿ ನೋಡುವವರು ನೀವೇ.

ನನ್ನದು ದೀಪದ ವಿಷಯ. ಕೋಳಿಯನ್ನು ಓಡಿಸಿ, ಅಂಗಳದಲ್ಲಿ ಬೂದಿಯಿಂದ ಎಂಟು ಎಳೆದೆ. ದಿನಾ ಹಾಲು ಕೊಟ್ಟು ಬಂದ ಮೇಲೆ ಹತ್ತು ಸುತ್ತು. ಕಾಲು ಊರಿದರೆ, ಊರಿತು ಅಷ್ಟೇ ಅಂತ ಹೇಳಿ ಇನ್ನೊಂದು ಸುತ್ತು. ಎರಡನೇ ಸಲವೂ ಟೆಸ್ಟಿನಲ್ಲಿ ಯಾರೋ ಕೆಮ್ಮಿದರು. ನಾನು ನೋಡಲಿಲ್ಲ.

ಹೊತ್ತಾಯಿತು, ಆರು ಗಂಟೆಯ ಬಸ್ಸು ಹೋಗಿರಬೇಕು. ಬದಿಯಡ್ಕ ಕಡೆ ಹೋಗುವವರು ಯಾರಾದರೂ ಇದ್ದರೆ ಹೇಳಿ. ಹಿಂದಿನ ಸೀಟು ಖಾಲಿ ಇದೆ, ಎರಡನೇ ಹೆಲ್ಮೆಟ್ಟೂ ತಂದಿದ್ದೇನೆ.