ಹಿಂದಿನ ಬೆಂಚಿನಿಂದ ಒಂದು ಎಣಿಕೆ

ಕೇಳುಗರಿಗೆ ನಮಸ್ಕಾರ.

ಜನಾಂಗೀಯ ತಾರತಮ್ಯದ ಬಗ್ಗೆ ಶಿಕ್ಷಕರಿಗೆ ತರಬೇತಿ ಎಂದರೆ ಎಷ್ಟೋ ಕಡೆ ಅರ್ಧ ದಿನದ ಭಾಷಣ, ಹಾಜರಿ ಪುಸ್ತಕದಲ್ಲೊಂದು ಸಹಿ, ಅಲ್ಲಿಗೆ ಮುಗಿಯಿತು. ಭಾಷಣ ಕೇಳಿ ‘ಹೌದು, ನಾನೂ ಭೇದ ಮಾಡುತ್ತೇನೆ’ ಎಂದವರು ಅಪರೂಪ. ಬೇಕೆಂದೇ ಮಾಡುವವರೂ ಕಡಿಮೆಯೇ ಅನ್ನಿ. ಹಾಗಾಗಿ ಉಪದೇಶ ಬದಿಗಿಟ್ಟು ಎಣಿಸಲು ಕೂರುವುದು ಮೇಲು.

ಮಕ್ಕಳು ಕೂರುವ ಜಾಗಗಳ ನಕ್ಷೆ ಬರೆದು, ಸಹೋದ್ಯೋಗಿಯೊಬ್ಬರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ. 20 ನಿಮಿಷದ ಪಾಠದಲ್ಲಿ ನೀವು ಪ್ರಶ್ನೆ ಕೇಳಿದ ಮಗುವಿನ ಹೆಸರಿಗೆ ಅವರು ಒಂದು ಗೆರೆ ಹಾಕಲಿ, ಗದರಿದರೆ ಒಂದು ಚುಕ್ಕೆ. ಉತ್ತರಕ್ಕೆ ಎಷ್ಟು ಸೆಕೆಂಡು ಕಾದಿರಿ ಎಂಬುದನ್ನೂ ಬರೆದುಕೊಳ್ಳಲಿ. ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು 1 ಸೆಕೆಂಡು ಮಾತ್ರ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಜಾಣರೆಂದುಕೊಂಡ ಮಕ್ಕಳಿಗೆ ಇನ್ನಷ್ಟು ಹೊತ್ತು ಕಾಯುತ್ತಾರೆ, ದಡ್ಡರೆಂದುಕೊಂಡವರನ್ನು ಬೇಗ ದಾಟಿಬಿಡುತ್ತಾರೆ. ಆ ‘ಅಂದುಕೊಳ್ಳುವಿಕೆ’ಯೊಳಗೇ ಮೈಬಣ್ಣ, ಹೆಸರು, ಮಾತಿನ ಧಾಟಿ ಎಲ್ಲ ನುಸುಳುವುದು. 3 ಸೆಕೆಂಡು ತಡೆದರೆ ಸುಮ್ಮನೆ ಕೂತ ಮಕ್ಕಳೂ ಬಾಯಿಬಿಡುತ್ತಾರೆ. ಒಂದೇ ಪಾಠದ ಲೆಕ್ಕ ನಂಬಬೇಡಿ; ಬೇರೆಬೇರೆ ದಿನ 3 ಸಲವಾದರೂ ಎಣಿಸಬೇಕು.

ಉತ್ತರಪತ್ರಿಕೆ ತಿದ್ದುವಾಗ ಹೆಸರು ಮುಚ್ಚಿ. ಯಾವ ಅಂಶಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲೇ ಬರೆದಿಡಿ. ಎಲ್ಲರ ಒಂದನೇ ಪ್ರಶ್ನೆ ಮುಗಿಸಿ, ಆಮೇಲೆ ಎರಡನೆಯದಕ್ಕೆ ಹೋಗಿ.

ತರಬೇತಿ ಹೆಚ್ಚಾಗಿ ಸೋಲುವುದು ಹೀಯಾಳಿಕೆಯ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ. ಏನು ಹೇಳಬೇಕೆಂದು ಗೊತ್ತಿದ್ದರೂ ನಾಲಿಗೆ ಏಳುವುದಿಲ್ಲ. ಅದಕ್ಕೇ ಇಬ್ಬಿಬ್ಬರಾಗಿ ನಿಂತು, ತಲಾ 2 ನಿಮಿಷ, ಬಾಯಿಬಿಟ್ಟು ಅಭ್ಯಾಸ ಮಾಡಬೇಕು. ಪಾಠ ನಿಲ್ಲಿಸಿ, ‘ಬಣ್ಣ ಹಿಡಿದು ಆಡಿಕೊಳ್ಳುವ ಮಾತು ಇಲ್ಲಿ ನಡೆಯುವುದಿಲ್ಲ’ ಎಂದು ಒಂದೇ ವಾಕ್ಯದಲ್ಲಿ ಹೇಳಿ, ನೊಂದ ಮಗುವನ್ನು ಆಮೇಲೆ ಪ್ರತ್ಯೇಕವಾಗಿ ಮಾತನಾಡಿಸಿ, ಆಡಿದ ಮಾತನ್ನು ಇದ್ದಂತೆಯೇ, ದಿನಾಂಕದೊಂದಿಗೆ, ಅಂದೇ ಬರೆದಿಡಿ. ಅಲ್ಲೇ ಇಬ್ಬರ ಕೈ ಕುಲುಕಿಸಿ ರಾಜಿ ಮಾಡಿಸಿದರೆ ನೊಂದವರ ಬಾಯಿ ಮುಚ್ಚಿಸಿದಂತೆ. ‘ನಿಮ್ಮ ಜನರ ಬಗ್ಗೆ ನೀನೇ ಎಲ್ಲರಿಗೂ ಹೇಳು’ ಎಂದು ಆ ಮಗುವನ್ನೇ ಎದ್ದು ನಿಲ್ಲಿಸುವುದಂತೂ ಇನ್ನೊಂದು ಪೆಟ್ಟು. ಪಾಪ, ಒಳ್ಳೆಯ ಮನಸ್ಸಿನ ಶಿಕ್ಷಕರೇ ಇದನ್ನು ಹೆಚ್ಚಾಗಿ ಮಾಡುವುದು.

‘ನನಗೆ ಬಣ್ಣವೇ ಕಾಣುವುದಿಲ್ಲ, ಎಲ್ಲರೂ ಒಂದೇ’ ಎನ್ನುವವರೊಡನೆ ವಾದಕ್ಕೆ ಇಳಿಯಬೇಡಿ. ಅವರ ತರಗತಿಯ ನಕ್ಷೆಯನ್ನು ಅವರ ಕೈಗೇ ಕೊಡಿ. 6 ವಾರ ಬಿಟ್ಟು ಅದೇ ಸಹೋದ್ಯೋಗಿ ಅದೇ ಬೆಂಚಿನಲ್ಲಿ ಕೂತು ಮತ್ತೆ ಎಣಿಸಲಿ. ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಪಕ್ಕಪಕ್ಕ ಇಟ್ಟು, ಗೆರೆಯೇ ಬೀಳದ ಹೆಸರುಗಳನ್ನು ಮೊದಲು ಓದಿ.