ಹದಿನಾರು ಮೈಕ್ರಾನ್‌ಗಳ ಒಳಗೆ

ಕೇಳುಗರಿಗೆ ನಮಸ್ಕಾರ.

ಲೋಹವನ್ನು ತಿರುಗಿಸುತ್ತ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು ಕೆಲಸ ಮಾಡುವ ಯಾರಿಗೇ ಆದರೂ ವರ್ನಿಯರ್ ಕ್ಯಾಲಿಪರ್ ಮತ್ತು ಮೈಕ್ರೋಮೀಟರ್‌ಗಳ ಗೆರೆಗಳನ್ನು ಓದಲು ಬಹುಬೇಗ ಬರುತ್ತದೆ. ಓದಿದ ಅಳತೆಯನ್ನು ಎಷ್ಟು ನಂಬಬಹುದು ಎಂಬ ತಿಳಿವಳಿಕೆ ಬರಲು ಮಾತ್ರ ತಡವಾಗುತ್ತದೆ. ಇದನ್ನು ಒಂದು ಉಕ್ಕಿನ ಶಾಫ್ಟನ್ನು, ಅಂದರೆ ಯಂತ್ರದಲ್ಲಿ ತಿರುಗುವ ದಂಡವನ್ನು, ಮುಂದಿಟ್ಟುಕೊಂಡು ನೋಡೋಣ.

ಶಾಫ್ಟನ್ನು ಹೊತ್ತು ಸಲೀಸಾಗಿ ತಿರುಗಲು ಬಿಡುವ ಬೇರಿಂಗ್ ಕೂರಬೇಕಾದ ಜಾಗದಲ್ಲಿ ಶಾಫ್ಟಿನ ವ್ಯಾಸ 50 ಮಿಲಿಮೀಟರ್, ಮಿತಿ ಕೆ6 ಎಂದು ನಕ್ಷೆಯಲ್ಲಿ ಬರೆದಿದೆ ಎನ್ನಿ. ಹಾಗೆಂದರೆ ವ್ಯಾಸವು 50.002ಕ್ಕಿಂತ ಕಡಿಮೆ ಇರಬಾರದು, 50.018ನ್ನು ಮೀರಬಾರದು. ನಮಗಿರುವ ಅವಕಾಶ ಕೇವಲ 16 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಫ್ರಾನ್ಸಿನ ಪಿಯರ್ ವರ್ನಿಯರ್ 1631ರಲ್ಲಿ ವಿವರಿಸಿದ ಜಾರುವ ಮಾಪಕದ ತತ್ತ್ವವೇ ಇಂದಿನ ವರ್ನಿಯರ್ ಕ್ಯಾಲಿಪರಿನಲ್ಲೂ ಇದೆ. ಜಾರುವ ಮಾಪಕದಲ್ಲಿ 49 ಮಿಲಿಮೀಟರ್ ಉದ್ದವನ್ನು 50 ಸಮಭಾಗ ಮಾಡಿದರೆ ಅದು 0.02 ಮಿಲಿಮೀಟರ್‌ವರೆಗೆ ತೋರಿಸುತ್ತದೆ. ಅಂದರೆ 20 ಮೈಕ್ರಾನ್. ನಮ್ಮ ಇಡೀ ಮಿತಿಗಿಂತಲೂ ಹೆಚ್ಚು. ಸಾಲದ್ದಕ್ಕೆ ಅದರ ಮಾಪಕ ಒಂದು ಸಾಲಿನಲ್ಲಿ, ಅಳೆಯುವ ವಸ್ತು ಇನ್ನೊಂದು ಸಾಲಿನಲ್ಲಿ ಇರುವುದರಿಂದ, ಕೈ ಸ್ವಲ್ಪ ಬಿಗಿಯಾದರೂ ದವಡೆ ವಾಲಿ ಅಳತೆ ತಪ್ಪುತ್ತದೆ. ಆರಂಭದ ದಪ್ಪ ಕಟಿಂಗಿಗೆ ಅದು ಸಾಕು, ಕೊನೆಯ ಕಟಿಂಗಿಗೆ ಸಲ್ಲದು.

ಮೈಕ್ರೋಮೀಟರಿನಲ್ಲಿ ಸ್ಕ್ರೂ, ಮಾಪಕ ಮತ್ತು ಜಾಬ್, ಅಂದರೆ ಅಳೆಯುವ ವಸ್ತು, ಒಂದೇ ನೇರದಲ್ಲಿರುತ್ತವೆ. ಸ್ಕ್ರೂ ಒಂದು ಸುತ್ತಿಗೆ 0.5 ಮಿಲಿಮೀಟರ್ ಸರಿಯುತ್ತದೆ, ಅದರೊಡನೆ ತಿರುಗುವ ಥಿಂಬಲ್ ಎಂಬ ಕೊಳವೆಯ ಮೇಲೆ 50 ಗೆರೆಗಳಿರುತ್ತವೆ, ಹಾಗಾಗಿ ಒಂದು ಗೆರೆಗೆ 0.01 ಮಿಲಿಮೀಟರ್. ನಮ್ಮ ಶಾಫ್ಟಿಗೆ ಇದೂ ಒರಟೇ. ಥಿಂಬಲಿನ ಒಳಗಿನ ತಿರುಗದ ಕೊಳವೆಯಾದ ತೋಳಿನ ಮೇಲೆ ವರ್ನಿಯರ್ ಗೆರೆಗಳಿದ್ದು 0.001 ತೋರಿಸುವ ಮೈಕ್ರೋಮೀಟರನ್ನೇ ತೆಗೆದುಕೊಳ್ಳಬೇಕು. ಅದೂ 50ರಿಂದ 75 ಮಿಲಿಮೀಟರ್‌ವರೆಗೆ ಅಳೆಯುವಂಥದ್ದು. ಅದರ ಎರಡು ಮುಖಗಳು ಒಂದನ್ನೊಂದು ಮುಟ್ಟುವುದಿಲ್ಲವಾದ್ದರಿಂದ, ಜೊತೆಗೆ ಬರುವ 50 ಮಿಲಿಮೀಟರಿನ ಪ್ರಮಾಣಿತ ಸರಳನ್ನು ನಡುವೆ ಹಿಡಿದು ಶೂನ್ಯವನ್ನು ಪರೀಕ್ಷಿಸಬೇಕು. ಅದಕ್ಕೂ ಮುನ್ನ ಪ್ರತಿ ಮುಖ ಮತ್ತು ಸರಳಿನ ನಡುವೆ ತೆಳುವಾದ ಶುಭ್ರ ಕಾಗದವನ್ನು ಹಗುರವಾಗಿ ಹಿಡಿದು ಮೆಲ್ಲಗೆ ಎಳೆದರೆ ಎಣ್ಣೆ, ಧೂಳು ಹೊರಬರುತ್ತವೆ. ಈ ಕೆಲಸವನ್ನು ಬಿಟ್ಟು ಮಾಡಿದ ಅಳತೆಯನ್ನು ನಾನಂತೂ ಅಳತೆ ಎಂದು ಒಪ್ಪಲಾರೆ. ಒತ್ತಡ ಪ್ರತಿಸಲವೂ ಒಂದೇ ಸಮ ಇರಲೆಂದೇ ತುದಿಯಲ್ಲಿ ರಾಟ್ಚೆಟ್ ಎಂಬ ಜಾರುವ ಹಿಡಿ ಇರುವುದು. ಥಿಂಬಲನ್ನೇ ಹಿಡಿದು ಬಿಗಿದರೆ ಚೌಕಟ್ಟು ಬಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಶಾಖವನ್ನು ಮರೆತರೆ ಕೆಲಸ ಕೆಟ್ಟಂತೆಯೇ. ಉದ್ದದ ಅಳತೆಗಳಿಗೆ ಅಂತಾರಾಷ್ಟ್ರೀಯವಾಗಿ ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಉಕ್ಕು ಪ್ರತಿ ಡಿಗ್ರಿಗೆ, ಪ್ರತಿ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಈಗಷ್ಟೇ ಕಟಿಂಗ್ ಮುಗಿದು 45 ಡಿಗ್ರಿಯಲ್ಲಿರುವ ನಮ್ಮ ಶಾಫ್ಟು ಆ ಲೆಕ್ಕದಲ್ಲಿ 14 ಮೈಕ್ರಾನ್ ದಪ್ಪವಾಗಿರುತ್ತದೆ. ಬಿಸಿಯಲ್ಲಿ 50.010 ಎಂದು ಓದಿ ಸಮಾಧಾನಪಟ್ಟರೆ, ತಣಿದ ಮೇಲೆ ಅದು 49.996ಕ್ಕೆ ಇಳಿದು ಬೇರಿಂಗ್ ಸಡಿಲವಾಗುತ್ತದೆ. ತೆಗೆದ ಲೋಹವನ್ನು ಮರಳಿ ಹಚ್ಚಲಾಗದು. ಆದ್ದರಿಂದ ಜಾಬ್, ಪ್ರಮಾಣಿತ ಸರಳು, ಮೈಕ್ರೋಮೀಟರ್ ಮೂರೂ ಒಂದೇ ಜಾಗದಲ್ಲಿ ಕೆಲಕಾಲ ಇದ್ದು ಒಂದೇ ಉಷ್ಣತೆಗೆ ಬಂದ ಮೇಲೆಯೇ ಕೊನೆಯ ಅಳತೆ ತೆಗೆಯಬೇಕು. ಅಂಗೈಯ ಬಿಸಿಯೂ ಚೌಕಟ್ಟನ್ನು ಹಿಗ್ಗಿಸುತ್ತದೆ. ಒಳ್ಳೆಯ ಮೈಕ್ರೋಮೀಟರುಗಳಲ್ಲಿ ಶಾಖ ತಡೆಯುವ ಹಿಡಿಕೆ ಇರುವುದು ಅದಕ್ಕಾಗಿಯೇ.

ಒಂದೇ ಕಡೆ ಅಳೆದು ನಿಲ್ಲಿಸಬಾರದು. ಎರಡೂ ತುದಿಗಳಲ್ಲಿ ಅಳೆದರೆ ಇಳಿಜಾರು ತಿಳಿಯುತ್ತದೆ, ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಅಳೆದರೆ ಅಂಡಾಕಾರ ತಿಳಿಯುತ್ತದೆ. ಆದರೆ ಲೇತಿನಲ್ಲಿ ಜಾಬನ್ನು ಹಿಡಿಯುವ ಮೂರು ದವಡೆಯ ಚಕ್ಕಿನಲ್ಲಿ ಅತಿಯಾಗಿ ಬಿಗಿದು ಮಾಡಿದ ಜಾಬಿನಲ್ಲಿ ಕೆಲವೊಮ್ಮೆ ಮೂಡುವ ಮೂರು ಉಬ್ಬುಗಳನ್ನು ಮೈಕ್ರೋಮೀಟರ್ ಹಿಡಿಯಲಾರದು, ಏಕೆಂದರೆ ಒಂದು ಉಬ್ಬಿನ ಎದುರಿಗೆ ತಗ್ಗು ಬಂದು ವ್ಯಾಸ ಎಲ್ಲೆಡೆ ಒಂದೇ ಎಂದು ತೋರುತ್ತದೆ. ಅಂಥ ಸಂಶಯ ಬಂದಾಗ ಶಾಫ್ಟನ್ನು ‘ವಿ’ ಆಕಾರದ ತೋಡಿರುವ ವಿ-ಬ್ಲಾಕ್ ಮೇಲಿಟ್ಟು, ಏರಿಳಿತವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ತಾಗಿಸಿ, ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ ಮುಳ್ಳು ಎಷ್ಟು ಸಲ ಏರಿ ಇಳಿಯುತ್ತದೆಂದು ನೋಡಬೇಕು.

ನಮಸ್ಕಾರ.